ಬರುವ ಕರೆಗೆ ಎಷ್ಟು ಖರ್ಚು ಮಾಡಬೇಕು?

ಮನೆಯಲ್ಲೇ ಕಚೇರಿ ಇಟ್ಟುಕೊಂಡವರ ಫೋನ್ ವ್ಯವಸ್ಥೆಯಲ್ಲಿ ಮೂರು ಭಾಗಗಳಿರುತ್ತವೆ: ನಂಬರು, ಆ ನಂಬರಿಗೆ ಬಂದ ಕರೆ ಮನೆ ಸೇರುವ ದಾರಿ, ಕರೆ ಎತ್ತಿಕೊಳ್ಳುವ ಸಾಧನ. ಅಂಗಡಿಯಲ್ಲಿ ಚೌಕಾಸಿ ನಡೆಯುವುದು ಸಾಧನಕ್ಕೆ. ದುಡ್ಡು ಉಳಿಯುವುದೂ ಸೋರುವುದೂ ಮೊದಲೆರಡರಲ್ಲಿ.

ಹಿಂದೆ ಲೆಕ್ಕ ಬೇರೆ ಇತ್ತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತದಿಂದ ದೆಹಲಿಗೆ ಹೋಯಿತು. ಆಗ ಮಾಡಿದ ಕರೆಗೂ ದುಡ್ಡು, ಬಂದ ಕರೆಗೂ ದುಡ್ಡು. ಬರುವ ಕರೆ ಉಚಿತವಾದದ್ದು 2003ರಲ್ಲಿ. ಲ್ಯಾಂಡ್‌ಲೈನಿನ ಕಥೆಯೂ ಹಾಗೇ: ಗೌರಿಬಿದನೂರಿನ ಎಸ್‌ಟಿಡಿ ಕೋಡು 08155, ಗಡಿಯಾಚೆಯ ಹಿಂದೂಪುರದ್ದು 08556. ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದಾದ ಊರಿನೊಡನೆ ಮಾತಾಡಲು ಎಸ್‌ಟಿಡಿ ಬೂತಿನಲ್ಲಿ ಮೀಟರಿನ ಕೆಂಪು ಅಂಕಿ ನೋಡುತ್ತ ಮಾತು ಮೊಟಕು ಮಾಡಬೇಕಿತ್ತು. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ನಂಬರಿಗೆ ಕರೆ ಮಾಡಿದರೆ ಮೊದಲನೆಯದು ಎರಡನೆಯದಕ್ಕೆ ಕಟ್ಟಬೇಕಿದ್ದ ಶುಲ್ಕವೂ 2021ರ ಜನವರಿ 1ರಿಂದ ರದ್ದಾಯಿತು. ಈಗ ಒಮ್ಮೆ ರೀಚಾರ್ಜ್ ಆಯಿತೆಂದರೆ ಹೋಗುವ ಕರೆಗೆ ಪ್ರತ್ಯೇಕ ಬೆಲೆಯಿಲ್ಲ. ಬೆಲೆ ಇರುವುದು ಎತ್ತಲಾಗದೆ ತಪ್ಪಿಹೋದ ಕರೆಗೆ. ಆದ್ದರಿಂದ ಖರ್ಚು ಮಾಡುವುದಿದ್ದರೆ ಕರೆ ಬಂದು ಮುಟ್ಟುವುದಕ್ಕೇ ಮಾಡಬೇಕು.

ಇದು ಎಲ್ಲಿ ಅನ್ವಯಿಸುತ್ತದೆ ಎಂಬುದಕ್ಕೆ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯನ್ನು ನೋಡಬಹುದು. ಅಲ್ಲಿ ಕೆಐಎಡಿಬಿಯ ಕೈಗಾರಿಕಾ ಪ್ರದೇಶವಿದೆ. ಇಂಥ ಕಡೆ ಕಾರ್ಖಾನೆಗಳ ಸುತ್ತ ಬದುಕುವ ಸಣ್ಣ ವ್ಯವಹಾರಗಳು ಬಹುತೇಕ ಮನೆಯ ಮುಂದಿನ ಕೋಣೆಯಲ್ಲೇ ನಡೆಯುತ್ತವೆ: ಲಾರಿ ಬುಕಿಂಗ್, ಕೆಲಸಗಾರರ ಗುತ್ತಿಗೆ, ಕ್ಯಾಂಟೀನಿಗೆ ತರಕಾರಿ ಸರಬರಾಜು, ಹೊಲಿಗೆಯ ಜಾಬ್‌ವರ್ಕ್, ಜಿಎಸ್‌ಟಿ ರಿಟರ್ನ್ಸ್ ತುಂಬಿಕೊಡುವ ಕೆಲಸ. ರಾತ್ರಿ ಪಾಳಿಗೆ ಆಳು ಕಡಿಮೆ ಬಿದ್ದರೆ ಮೇಲ್ವಿಚಾರಕ ಒಂದು ಸಲ ರಿಂಗ್ ಮಾಡುತ್ತಾನೆ. ಎತ್ತದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತಾನೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯವಹಾರ ಮಾಡುವವರಿಗೂ ಚಿಂತಾಮಣಿಯಲ್ಲಿ ಟೊಮೆಟೊ ದಲ್ಲಾಳಿಗಳಿಗೂ ಇದು ಹೇಳಿಕೊಡಬೇಕಾದ ವಿಷಯವಲ್ಲ.

ಮೊದಲು ನಂಬರಿನ ವಿಚಾರ. ವ್ಯವಹಾರದ ನಂಬರು ಮನೆಯವರ ನಂಬರಿನಿಂದ ಬೇರೆಯಾಗಿರಬೇಕು, ಮಾಲೀಕರ ಹೆಸರಿನಲ್ಲೇ ಇರಬೇಕು. ಕೆಲಸದ ಹುಡುಗನ ಹೆಸರಿನಲ್ಲಿ ತೆಗೆದ ಸಿಮ್ಮಿನ ನಂಬರನ್ನು ಬೋರ್ಡು, ಬಿಲ್ ಬುಕ್ಕು, ಆಟೋ ಬೆನ್ನಿನ ಮೇಲೆಲ್ಲ ಬರೆಸಿದವರಿದ್ದಾರೆ. ಕಾನೂನಿನ ಕಣ್ಣಲ್ಲಿ ಆ ನಂಬರು ಹುಡುಗನದು; ಅವನು ಕೆಲಸ ಬಿಟ್ಟರೆ ನಂಬರೂ ಹೋಗುತ್ತದೆ. ತನ್ನ ಹೆಸರಿನಲ್ಲಿ ಯಾವ ಯಾವ ನಂಬರುಗಳಿವೆ ಎಂಬುದನ್ನು ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ಕರ್ನಾಟಕದಲ್ಲಿ ಒಬ್ಬರ ಹೆಸರಿಗೆ ಗರಿಷ್ಠ 9 ಸಿಮ್ ಎಂಬ ಮಿತಿಯಿದೆ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಮಿತಿ ಮೀರಿದರೆ ಮೊದಲ ಸಲ 50 ಸಾವಿರ ರೂಪಾಯಿವರೆಗೂ ದಂಡ ಬೀಳಬಹುದು.

ಮೊಬೈಲ್ ನಂಬರಿಗೂ ಸ್ಥಿರ ದೂರವಾಣಿಯ ನಂಬರಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಮೊಬೈಲ್ ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ಇಡೀ ದೇಶದಲ್ಲಿ 2011ರ ಜನವರಿ 20ರಿಂದ ಇದೆ. 2015ರ ಜುಲೈನಿಂದ ರಾಜ್ಯ ದಾಟಿದರೂ ನಂಬರು ಹಾಗೇ ಇರುತ್ತದೆ. ಹಿಂದೂಪುರದಲ್ಲಿ ತೆಗೆದ ಆಂಧ್ರದ ಸಿಮ್ಮನ್ನು ಗೌರಿಬಿದನೂರಿಗೆ ಬಂದು ಕರ್ನಾಟಕದ ಸಿಮ್ ಮಾಡಿಕೊಳ್ಳಬಹುದು. ಲ್ಯಾಂಡ್‌ಲೈನ್ ನಂಬರಿಗೆ ಈ ಸೌಲಭ್ಯ ಇಲ್ಲ. ಕಂಪನಿ ಬಿಟ್ಟರೆ ನಂಬರನ್ನೂ ಬಿಡಬೇಕು. ಹಾಗಾಗಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಬೇಕಾದ್ದು ಮೊಬೈಲ್ ನಂಬರು. ಲ್ಯಾಂಡ್‌ಲೈನ್ ಅದರ ಕೆಳಗೆ ಚಿಕ್ಕದಾಗಿ ಇದ್ದರೆ ಸಾಕು. 08155ರಿಂದ ಶುರುವಾಗುವ ನಂಬರು ಕಂಡರೆ ಇವರು ಇಲ್ಲೇ ನೆಲೆ ನಿಂತವರು ಎಂಬ ನಂಬಿಕೆ ಹಳೆಯ ಗ್ರಾಹಕರಲ್ಲಿ ಇನ್ನೂ ಇದೆ. ಅದಕ್ಕೂ ಒಂದು ಬೆಲೆ ಇದೆ, ಆದರೆ ಅದಕ್ಕಾಗಿ ಒಂದೇ ಕಂಪನಿಗೆ ಕಟ್ಟಿಬೀಳುವಷ್ಟಲ್ಲ.

ಎಲ್ಲಕ್ಕಿಂತ ಅಗ್ಗದ ದಾರಿ ಕೈಯಲ್ಲಿರುವ ಮೊಬೈಲಿನ ಎರಡನೇ ಸಿಮ್ ಕಿಂಡಿ. ಇಂಟರ್‌ನೆಟ್ ಬೇಡ, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಸಾಕು ಎನ್ನುವವರಿಗೆ ಪ್ರತ್ಯೇಕ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿತು. ಇಂಥ ಪ್ಯಾಕ್‌ನ ಅವಧಿಯ ಮಿತಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿತು. 2025ರ ಆರಂಭದಲ್ಲಿ ಏರ್‌ಟೆಲ್ ತಂದ ಇಂಥ ವಾರ್ಷಿಕ ಪ್ಯಾಕ್ 1,849 ರೂಪಾಯಿ. ತಿಂಗಳಿಗೆ 154 ರೂಪಾಯಿ ಆಯಿತು. ದರಗಳು ಬದಲಾಗುತ್ತಿರುತ್ತವೆ, ರೀಚಾರ್ಜ್ ಆ್ಯಪ್‌ನಲ್ಲಿ ಈ ಪ್ಯಾಕ್‌ಗಳು ಕಾಣಿಸುವುದೂ ಮೂಲೆಯಲ್ಲೇ. ಹುಡುಕಿ ತೆಗೆಯಬೇಕು. ಒಬ್ಬರೇ ನಡೆಸುವ ಕಚೇರಿಗೆ, ಹೊರಗೆ ಓಡಾಡುವ ಕೆಲಸವೇ ಹೆಚ್ಚಿದ್ದರೆ, ಇದಕ್ಕಿಂತ ಮುಂದೆ ಹೋಗುವ ಅಗತ್ಯವೇ ಇಲ್ಲ.

ಮೊಬೈಲ್ ಮಾಲೀಕರ ಜೇಬಿನಲ್ಲಿ ಹೊರಟುಹೋದರೆ ಮನೆಯಲ್ಲಿ ಕುಳಿತವರು ಕರೆ ಎತ್ತುವಂತಿಲ್ಲ ಎಂಬುದೇ ಇದರ ಕೊರತೆ. ನೋಡಲು ಲ್ಯಾಂಡ್‌ಲೈನಿನಂತೆಯೇ ಇದ್ದು ಒಳಗೆ ಸಿಮ್ ಹಾಕಿಸಿಕೊಳ್ಳುವ ಮೇಜಿನ ಫೋನ್ ಈ ಕೊರತೆ ತುಂಬುತ್ತದೆ. ಕೊಳ್ಳುವಾಗ ಅದು 4ಜಿ ವೋಲ್ಟಿ ಸಾಧನವೇ ಎಂದು ಕೇಳಬೇಕು. ಕಡಿಮೆ ಬೆಲೆಗೆ ಸಿಗುವ ಹಳೆಯ 2ಜಿ ಮಾದರಿಯಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ. ಆರ್‌ಸಿಸಿ ಮನೆಯೊಳಗೆ ಸಿಗ್ನಲ್ ಸೊರಗುವುದಿದ್ದರೆ ಮನೆಯ ವೈಫೈ ಮೂಲಕವೇ ಮೊಬೈಲ್ ಕರೆ ಬರುವ ಸೌಲಭ್ಯವನ್ನು ಫೋನಿನ ಸೆಟ್ಟಿಂಗ್‌ನಲ್ಲಿ ಆನ್ ಮಾಡಿಕೊಂಡರಾಯಿತು. ಇದಕ್ಕೆ ಬೇರೆ ಶುಲ್ಕವಿಲ್ಲ.

ಮನೆಯಲ್ಲಿ ಇಂಟರ್‌ನೆಟ್ ಬೇಕೇ ಬೇಕು ಎನ್ನುವವರ ಲೆಕ್ಕ ಮಾತ್ರ ತಿರುಗಿಬಿಡುತ್ತದೆ. ಫೈಬರ್ ಸಂಪರ್ಕದ ಜೊತೆ ಲ್ಯಾಂಡ್‌ಲೈನ್ ನಂಬರೂ ಮಿತಿಯಿಲ್ಲದ ಕರೆಯೂ ಬರುವುದರಿಂದ ಫೋನಿಗೆಂದು ಪ್ರತ್ಯೇಕ ಬಾಡಿಗೆ ಉಳಿಯುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್ ಭಾರತ್ ಫೈಬರ್‌ನ ಆರಂಭಿಕ ಯೋಜನೆ 449 ರೂಪಾಯಿಗೆ ಬಂತು. ಅದಕ್ಕೂ ಒಂದು ತಿಂಗಳ ಹಿಂದೆ ಜಿಯೋಫೈಬರ್ 399ರ ಯೋಜನೆ ತಂದಿತ್ತು. ಜಾಹೀರಾತಿನ ಬೆಲೆಗೆ ಶೇ 18ರ ಜಿಎಸ್‌ಟಿ ಸೇರಿಸಿದರೆ 449 ಎಂಬುದು 530 ಆಗುತ್ತದೆ, 399 ಎಂಬುದು 471. ಮನೆಯ ಬಜೆಟ್‌ನಲ್ಲಿ ಬರೆದುಕೊಳ್ಳಬೇಕಾದ್ದು ತೆರಿಗೆ ಸೇರಿದ ಈ ಅಂಕಿಯನ್ನು. ಈ ಅಂಕಣಕಾರರ ಮನೆಯಲ್ಲೂ ಕಡೆಗೆ ನಿಂತ ವ್ಯವಸ್ಥೆ ಇದೇ: ಇಂಟರ್‌ನೆಟ್‌ಗೆ ಹೇಗೂ ಕೊಡುತ್ತಿದ್ದ ದುಡ್ಡಿನಲ್ಲೇ ಮೇಜಿನ ಮೇಲೊಂದು ಫೋನು, ಜೇಬಿನ ಮೊಬೈಲಿನಲ್ಲಿ ಎರಡನೇ ಸಿಮ್.

ಫೈಬರ್ ಹಾಕಿಸಿಕೊಂಡೂ ಆ ಲ್ಯಾಂಡ್‌ಲೈನನ್ನು ಬಳಸದೆ ಬಿಟ್ಟವರು ಬಹಳ. ಗೋಡೆಗೆ ತಗುಲಿಸಿದ ಬಿಳಿ ಡಬ್ಬಿಯ ಹಿಂಬದಿಯಲ್ಲಿ ಕಂಪ್ಯೂಟರ್ ತಂತಿಯ ಅಗಲ ಕಿಂಡಿಗಳ ಪಕ್ಕ ಒಂದು ಕಿರಿದಾದ ಕಿಂಡಿ ಇರುತ್ತದೆ. ಹಳೆಯ ಲ್ಯಾಂಡ್‌ಲೈನ್ ಫೋನಿನ ತಂತಿ ಅದಕ್ಕೆ ಸರಿಯಾಗಿ ಕೂರುತ್ತದೆ. ಅಟ್ಟದ ಮೇಲಿದ್ದ ಗುಂಡಿ ಒತ್ತುವ ಫೋನನ್ನು ಒರೆಸಿ ಚುಚ್ಚಿದರೂ ನಡೆಯುತ್ತದೆ. ಡಬ್ಬಿಯ ಮುಂಬದಿಯ ದೀಪಗಳಲ್ಲಿ ಪಿಒಎನ್ ಎಂಬುದು ಹಸಿರಾಗಿ ಅಲುಗದೆ ನಿಂತಿರಬೇಕು. ಎಲ್‌ಒಎಸ್ ಎಂಬುದು ಕೆಂಪಾಗಿ ಮಿನುಗಿದರೆ ಹೊರಗೆಲ್ಲೋ ಗಾಜಿನ ಎಳೆ ತುಂಡಾಗಿದೆ ಅಥವಾ ಕಿತ್ತುಬಂದಿದೆ ಎಂದರ್ಥ, ಫೋನಿನ ದೋಷವಲ್ಲ. ಇಷ್ಟು ತಿಳಿದಿದ್ದರೆ ದೂರು ಕೊಡುವಾಗ ಅರ್ಧ ಮಾತು ಉಳಿಯುತ್ತದೆ. ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು. 2021ರ ಜನವರಿ 15ರಿಂದ ಇದು ಕಡ್ಡಾಯ. ‘ನಮ್ಮ ಫೋನ್ ಕೆಟ್ಟಿದೆ’ ಎಂಬ ಎಷ್ಟೋ ದೂರಿಗೆ ಕಾರಣ ಈ ಸೊನ್ನೆಯೇ.

ಫೈಬರ್ ಫೋನಿನ ನಿಜವಾದ ದೌರ್ಬಲ್ಯ ಕರೆಂಟು. ತಾಮ್ರದ ತಂತಿಯ ಕಾಲದಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಸುಮಾರು 48 ವೋಲ್ಟ್ ಮನೆಗೆ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ಮೊಳಗುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ಬೆಸ್ಕಾಂ ಕರೆಂಟು ಹೋದ ಗಳಿಗೆಯಲ್ಲೇ ಬಿಳಿ ಡಬ್ಬಿಯೂ ಫೋನೂ ಸತ್ತಂತೆ.

ಇದಕ್ಕೆ ಮದ್ದು ಡಬ್ಬಿಗೆಂದೇ ಮಾರುವ ಪುಟ್ಟ ಯುಪಿಎಸ್. ಬೆಲೆ ಸಾವಿರದಿಂದ ಒಂದೂವರೆ ಸಾವಿರದ ಆಸುಪಾಸು. ಕೊಳ್ಳುವ ಮುನ್ನ ಡಬ್ಬಿಯ ಅಡಾಪ್ಟರ್ ಮೇಲಿನ ಬರಹ ಓದಬೇಕು. 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಅದು ಎಳೆಯುವುದು ಹೆಚ್ಚೆಂದರೆ 12 ವಾಟ್. ಯುಪಿಎಸ್ ಪೆಟ್ಟಿಗೆಯ ಮೇಲೆ 8,000 ಎಂಎಎಚ್ ಎಂದು ದಪ್ಪಕ್ಷರದಲ್ಲಿರುತ್ತದೆ. ಆ ಅಂಕಿ ಲೆಕ್ಕಹಾಕಿರುವುದು ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್‌ನ ಸೆಲ್‌ಗೆ, ಹೊರಬರುವ 12 ವೋಲ್ಟ್‌ಗೆ ಅಲ್ಲ. 8 ಆಂಪಿಯರ್-ಗಂಟೆಯನ್ನು 3.7ರಿಂದ ಗುಣಿಸಿದರೆ ಸುಮಾರು 30 ವಾಟ್-ಗಂಟೆ. ಡಬ್ಬಿ 10 ವಾಟ್ ಎಳೆದರೆ ಮೂರು ಗಂಟೆ, ಸೋರಿಕೆ ಕಳೆದು ಎರಡೂವರೆ ಎಂದು ಹಿಡಿಯಬಹುದು. ಇದಕ್ಕಿಂತ ದೀರ್ಘ ಕಡಿತ ಇರುವ ಹಳ್ಳಿಯಾದರೆ ಮನೆಯ ಇನ್ವರ್ಟರ್ ಸಾಲಿಗೇ ಡಬ್ಬಿಯನ್ನು ಜೋಡಿಸುವುದು ಲೇಸು. ತಂತಿಯಿಲ್ಲದ ಕಾರ್ಡ್‌ಲೆಸ್ ಫೋನಿಗೆ ಅದರದೇ ಕರೆಂಟ್ ಬೇಕು. ಸಾದಾ ತಂತಿ ಫೋನ್ ಡಬ್ಬಿಯಿಂದಲೇ ಶಕ್ತಿ ಪಡೆಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಊರಿನ ಕೇಬಲ್ ಆಪರೇಟರ್ ಬಳಿ ಇರುವ ಮೂಲ ಯಂತ್ರಕ್ಕೆ ಬ್ಯಾಟರಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಸಂಪರ್ಕ ತೆಗೆದುಕೊಳ್ಳುವ ಮೊದಲೇ, ಕರೆಂಟ್ ಹೋದಾಗ ಅವರ ಲೈನ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಪಕ್ಕದ ಬೀದಿಯ ಗ್ರಾಹಕರನ್ನು ಕೇಳಬೇಕು. ಆಪರೇಟರನ್ನು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ.

ಎರಡು ದಾರಿಗಳಿದ್ದ ಮೇಲೆ ಒಂದನ್ನು ಇನ್ನೊಂದಕ್ಕೆ ಕಟ್ಟಬೇಕು. ಅದಕ್ಕಿರುವುದು ಕಾಲ್ ಫಾರ್ವರ್ಡಿಂಗ್. ಎತ್ತದಿದ್ದಾಗ, ಬಿಜಿ ಇದ್ದಾಗ, ಸಿಗ್ನಲ್ ಇಲ್ಲದಾಗ ಎಂಬ ಮೂರು ಸಂದರ್ಭಗಳಿಗೂ ಬೇರೆ ಬೇರೆ ನಂಬರು ಕೊಡಬಹುದು. ಮೊಬೈಲ್ ಎತ್ತದಿದ್ದರೆ ಮನೆಯ ಲ್ಯಾಂಡ್‌ಲೈನ್‌ಗೆ ಹೋಗಲಿ ಎಂದು ಇಟ್ಟರೆ ಬಹುಪಾಲು ಕಚೇರಿಗಳ ಚಿಂತೆ ಮುಗಿಯುತ್ತದೆ. ಹೀಗೆ ವರ್ಗವಾದ ಕರೆ ಮಾಲೀಕರು ಮಾಡಿದ ಕರೆಯೆಂದೇ ಲೆಕ್ಕಕ್ಕೆ ಹೋಗುತ್ತದೆ. ಅನಿಯಮಿತ ಪ್ಯಾಕ್ ಇದ್ದರೆ ತೊಂದರೆಯಿಲ್ಲ. ಸ್ಟಾರ್, ಹ್ಯಾಷ್ ಸೇರಿಸಿ ಒತ್ತುವ ಕೋಡ್‌ಗಳ ಮೂಲಕ ಫಾರ್ವರ್ಡ್ ಮಾಡುವುದನ್ನು ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ನಿಲ್ಲಿಸಿತು. ಕಂಪನಿಯವರಂತೆ ಮಾತಾಡಿ ಜನರಿಂದಲೇ ಆ ಕೋಡ್ ಒತ್ತಿಸಿ, ಬ್ಯಾಂಕಿನ ಒಟಿಪಿ ಕರೆಯನ್ನು ತಮ್ಮತ್ತ ತಿರುಗಿಸಿಕೊಳ್ಳುವ ಕಳ್ಳರು ಹೆಚ್ಚಿದ್ದರು. ಈಗ ಫೋನಿನ ಕರೆ ಸೆಟ್ಟಿಂಗ್ಸ್‌ನಲ್ಲಿ ಅಥವಾ ಕಂಪನಿಯ ಆ್ಯಪ್‌ನಲ್ಲಿ ಹೊಂದಿಸಿಕೊಳ್ಳಬೇಕು. ಬ್ಯಾಂಕ್ ಖಾತೆಗೆ ಕೊಟ್ಟ ನಂಬರನ್ನು ಯಾರಿಗೂ ಫಾರ್ವರ್ಡ್ ಮಾಡಬಾರದು; ವ್ಯವಹಾರದ ನಂಬರು ಬೇರೆ ಇರಬೇಕೆನ್ನುವುದಕ್ಕೆ ಇದೂ ಕಾರಣ.

2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ಗೆ ಲ್ಯಾಂಡ್‌ಲೈನ್ ನಂಬರನ್ನೂ ಕೊಡಬಹುದು. ಎಸ್ಸೆಮ್ಮೆಸ್ ಬದಲು ‘ಕರೆ ಮಾಡಿ’ ಎಂಬುದನ್ನು ಆರಿಸಿದರೆ ಮೇಜಿನ ಫೋನಿಗೆ ಕರೆ ಬಂದು ಯಂತ್ರದ ದನಿ ಅಂಕಿ ಹೇಳುತ್ತದೆ. ಆ ನಂಬರನ್ನು ಮುಂದೆಂದಾದರೂ ಬಿಟ್ಟುಕೊಡಬೇಕಾಗಬಹುದು ಎಂಬುದು ಮಾತ್ರ ನೆನಪಿರಲಿ.

‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವ ಕ್ಲೌಡ್ ದೂರವಾಣಿ ಸೇವೆಗಳೂ ಇವೆ. 2011ರಲ್ಲಿ ಶುರುವಾದ ಎಕ್ಸೊಟೆಲ್ ಬೆಂಗಳೂರಿನದೇ. ನಾಲ್ಕೈದು ಜನ ಪಾಳಿಯಲ್ಲಿ ಕರೆ ಎತ್ತುವ, ಕರೆ ಧ್ವನಿಮುದ್ರಿಸಬೇಕಾದ ವ್ಯವಹಾರಕ್ಕೆ ಅವು ತಕ್ಕವು. ಒಬ್ಬರೋ ಇಬ್ಬರೋ ಇರುವ ಮನೆಯ ಕಚೇರಿಗೆ ಅದು ಅತಿಯಾಯಿತು. ಮನೆಗೂ ಹಿತ್ತಿಲಿನ ಶೆಡ್ಡಿಗೂ ನಡುವೆ ಕರೆ ವರ್ಗಾಯಿಸಲು ಇಪಿಎಬಿಎಕ್ಸ್ ಹಾಕಿಸುವವರಿಗೂ ಇದೇ ಮಾತು: ಡಬ್ಬಿಯಿಂದ ಶೆಡ್ಡಿಗೆ ತಂತಿಯೆಳೆದು ಇನ್ನೊಂದು ಸಾದಾ ಫೋನ್ ಸಮಾನಾಂತರವಾಗಿ ಇಟ್ಟರೆ ಎರಡೂ ಒಟ್ಟಿಗೆ ಮೊಳಗುತ್ತವೆ.

ಖರ್ಚು ತೆರಿಗೆಯಲ್ಲಿ ಎಷ್ಟು ಮರಳುತ್ತದೆ ಎಂಬುದು ಕೊನೆಯ ಪ್ರಶ್ನೆ. ಜಿಎಸ್‌ಟಿ ನೋಂದಣಿ ಇರುವವರು ಸಂಪರ್ಕ ತೆಗೆದುಕೊಳ್ಳುವಾಗಲೇ ತಮ್ಮ ಜಿಎಸ್‌ಟಿ ಸಂಖ್ಯೆ ಕೊಟ್ಟು ಅದು ಬಿಲ್ಲಿನಲ್ಲಿ ಮುದ್ರಣವಾಗುವಂತೆ ನೋಡಿಕೊಂಡರೆ ಬಿಲ್ಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. 449ರ ಯೋಜನೆಯಲ್ಲಿ ತಿಂಗಳಿಗೆ 80 ರೂಪಾಯಿ 82 ಪೈಸೆ, ವರ್ಷಕ್ಕೆ ಸುಮಾರು 970. ಮನೆಯವರೂ ಅದೇ ಸಂಪರ್ಕ ಬಳಸಿದರೆ ವ್ಯವಹಾರದ ಪಾಲಿಗೆ ತಕ್ಕಷ್ಟೇ ಪಡೆಯಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಕ್ರೆಡಿಟ್ ಇಲ್ಲ. ಆದಾಯ ತೆರಿಗೆಯಲ್ಲಿ ಪುಸ್ತಕ ಬರೆದು ಲೆಕ್ಕ ಒಪ್ಪಿಸುವವರು ವ್ಯವಹಾರದ ಪಾಲಿನ ಫೋನ್ ಬಿಲ್ಲನ್ನು ಖರ್ಚಿಗೆ ಹಾಕಬಹುದು. ವಹಿವಾಟಿನ ಶೇ 8 ಅಥವಾ ಶೇ 6ನ್ನೇ ಲಾಭವೆಂದು ತೋರಿಸುವ, 44ಎಡಿ ಎಂದೇ ಎಲ್ಲರಿಗೂ ಪರಿಚಿತವಾದ ಅಂದಾಜು ಪದ್ಧತಿಯವರಿಗೆ ಫೋನಿನ ಖರ್ಚನ್ನು ಮತ್ತೆ ಕಳೆಯಲು ಅವಕಾಶವಿಲ್ಲ. ಅವರ ಪಾಲಿಗೆ ರೀಚಾರ್ಜ್‌ನಲ್ಲಿ ಉಳಿಸಿದ್ದೇ ಉಳಿತಾಯ.