ಕಾಗದಪತ್ರಗಳಿಗೊಂದು ಕೌದಿ ಚೀಲ



ತಾವು ಕೊಂಡ ಬೀಜದ ರಸೀದಿ ಈಗ ಎಲ್ಲಿದೆ? ಅಂಗಿಯ ಜೇಬಿನಲ್ಲೇ ಒಗೆದುಹೋಯಿತೆ? ಬಿತ್ತಿದ್ದು ಮೊಳೆಯದಿದ್ದರೆ ದೂರು ಕೊಡಲು ಆ ರಸೀದಿಯೂ ಬೀಜದ ಚೀಲದ ಚೀಟಿಯೂ ಬೇಕು. ಕೊಯ್ಲು ಮುಗಿಯುವ ತನಕ ಅವನ್ನು ಜೋಪಾನ ಮಾಡತಕ್ಕದ್ದು. ಅದಕ್ಕಾಗಿ ಮನೆಯಲ್ಲೇ ಒಂದು ಕೌದಿ ಚೀಲ ಹೊಲಿಯಿರಿ. ಗೋಣಿಯ ಬಾಯಿ ಹೊಲಿಯಬಲ್ಲ ಕೈಗೆ ಇದು ಕಷ್ಟವಲ್ಲ.

ಹಳೆಯ ಸೀರೆ, ಧೋತರಗಳನ್ನು ಒಗೆದು ಒಣಗಿಸಿರಿ. ಸವೆಯದ ಭಾಗದಿಂದ 11 ಅಂಗುಲ ಅಗಲ, 21 ಅಂಗುಲ ಉದ್ದದ ಎರಡು ತುಂಡು ಕತ್ತರಿಸಿರಿ. ನಡುವಿನ ಪದರಕ್ಕೆ 10 ಅಂಗುಲ ಅಗಲ, 20 ಅಂಗುಲ ಉದ್ದದ ಇನ್ನೊಂದು ತುಂಡು ಸಾಕು. ಮೂರನ್ನೂ ಸುಕ್ಕಿಲ್ಲದೆ ಹಾಸಿ, ಹೊರಗಿನ ಎರಡರ ಅಂಚನ್ನು ಅರ್ಧ ಅಂಗುಲ ಒಳಕ್ಕೆ ಮಡಚಿ ಸುತ್ತಲೂ ಹೊಲಿಯಿರಿ. ಬಳಿಕ ಅರ್ಧ ಅಂಗುಲಕ್ಕೊಂದು ಸಾಲಿನಂತೆ ಗಟ್ಟಿ ನೂಲಿನಿಂದ ಸಾದಾ ಹೊಲಿಗೆ ಹಾಕಿರಿ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುತ್ತಾರೆ; ಹಾಗೆಯೂ ಹೊಲಿಯಬಹುದು. ದಾರವನ್ನು ಜಗ್ಗಬೇಡಿರಿ, ಬಟ್ಟೆ ಮುದುರುತ್ತದೆ.

ಈಗ ಕೆಳತುದಿಯನ್ನು 7½ ಅಂಗುಲ ಮೇಲಕ್ಕೆ ಮಡಚಿ, ಎರಡೂ ಬದಿಗಳನ್ನು ಬಿಗಿಯಾಗಿ ಹೊಲಿಯಿರಿ. ಮೇಲೆ ಉಳಿದ 5 ಅಂಗುಲವೇ ಮುಚ್ಚಳ. ಅದಕ್ಕೆ ದಾರದ ಕುಣಿಕೆ, ಚೀಲಕ್ಕೊಂದು ಗುಂಡಿ ಹಚ್ಚಿರಿ.

ಬಟ್ಟೆ ಮಳೆಯನ್ನು ತಡೆಯದು. ಆದ್ದರಿಂದ ರಸೀದಿ, ಪಹಣಿ, ಬ್ಯಾಂಕಿನ ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಳಗಿಡಿರಿ. ಚೀಲ ಸದಾ ಒಂದೇ ಜಾಗದಲ್ಲಿರಲಿ. ಆ ಜಾಗ ಮನೆಯವರೆಲ್ಲರಿಗೂ ಗೊತ್ತಿರಲಿ.