ಹೊಗೆಸೊಪ್ಪಿನ ತಿಂಗಳಲ್ಲಿ ಫೋನಿನ ತರಗತಿ

ಪ್ರಶ್ನೆ: ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕಿ. ಮೊದಲು ಎಚ್.ಡಿ. ಕೋಟೆಯ ಕಾಡಂಚಿನ ಶಾಲೆಯಲ್ಲಿದ್ದೆ. ಇಲ್ಲಿ ಜುಲೈ ಬಂತೆಂದರೆ ಹೊಗೆಸೊಪ್ಪು ಮುರಿಯುವ ಕೆಲಸ ಶುರುವಾಗುತ್ತದೆ, ಹತ್ತನೇ ತರಗತಿಯ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ತಪ್ಪಿದ ಪಾಠ ಮಕ್ಕಳ ಕೈಗೆ ಸಿಗಲಿ ಎಂದು ಜೂನ್‌ನಲ್ಲಿ ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಒಂದು ತರಗತಿ ತೆರೆದೆ. ದುಡ್ಡು ಕೊಡಬೇಕಿರಲಿಲ್ಲ, ನನ್ನ ಜಿಮೇಲ್ ಸಾಕಾಯಿತು. 46 ಮಕ್ಕಳಲ್ಲಿ ಸೇರಿದವರು 21. ಮೊನ್ನೆ ಒಬ್ಬಳು ನನ್ನ ಹತ್ತಿರ ಬಂದು, 'ಲೆಕ್ಕ ಎಲ್ಲಾ ನೋಟ್‌ಬುಕ್ಕಲ್ಲಿ ಮಾಡಿದೀನಿ ಮಿಸ್, ಫೋನು ಅಪ್ಪನ ಜೊತೆ ಬ್ಯಾರನ್ ಹತ್ರ ಇತ್ತು, ಅದಕ್ಕೇ ಕೆಂಪಕ್ಷರ ಬಂದಿದೆ' ಎಂದು ಅತ್ತಳು. ಬಡ ಮಕ್ಕಳಿಗೆ ಇದು ಅನ್ಯಾಯ, ಮುಚ್ಚಿಬಿಡಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸತೊಡಗಿದೆ. ಮುಚ್ಚಿಬಿಡಲೇ?

ಉತ್ತರ: ಮುಚ್ಚಬೇಡಿ ಮೇಡಂ. ಆದರೆ ಆ ತರಗತಿಗೆ ನೀವು ವಹಿಸಿರುವ ಕೆಲಸವನ್ನು ಬದಲಿಸಿ.

ನೀವು ಅದನ್ನು ತೆರೆದದ್ದು ಗೈರಾದ ಮಗುವಿಗಾಗಿ. ದಿನ ಕಳೆದಂತೆ ಅದು ಹಾಜರಿ ಪುಸ್ತಕವೂ ಆಯಿತು, ಅಂಕಪಟ್ಟಿಯೂ ಆಯಿತು. ಆ ಹುಡುಗಿ ಅತ್ತದ್ದು ಅದಕ್ಕೆ. ಲೆಕ್ಕ ಅವಳಿಗೆ ಬಂದಿತ್ತು, ಬಾರದೆ ಇದ್ದದ್ದು ಫೋನು. ಬ್ಯಾರನ್ ಮನೆಯಲ್ಲಿ ಸೊಪ್ಪು ಬೇಯುವಾಗ ರಾತ್ರಿಯಿಡೀ ಉರಿ ಕಾಯಬೇಕು, ಶಾಖ ಏರುಪೇರಾದರೆ ಇಡೀ ಬ್ಯಾರನ್ನಿನ ಸೊಪ್ಪಿಗೆ ಬೆಲೆ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಅಪ್ಪ ಫೋನು ಮನೆಯಲ್ಲಿ ಬಿಟ್ಟು ಹೋಗಲಾರರು. ಮನೆಯಲ್ಲಿ ಒಂದು ಫೋನು ಇದೆ ಎಂದರೆ ಮಗುವಿಗೆ ಒಂದು ಫೋನು ಇದೆ ಎಂದು ಅರ್ಥವಲ್ಲ. ನಿಮ್ಮ 21 ಮಕ್ಕಳಲ್ಲೂ ಸಂಜೆ ಏಳರಿಂದ ಎಂಟರವರೆಗೆ ಫೋನು ಕೈಗೆ ಸಿಗುವವರು ಎಷ್ಟು ಮಂದಿ ಎಂದು ಒಮ್ಮೆ ಕೇಳಿ ನೋಡಿ.

ಹೀಗೆ ಕೇಳುವುದು ನಮ್ಮ ಶಿಕ್ಷಕರಿಗೆ ಹೊಸದೇನೂ ಅಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದವು. ಯೂಟ್ಯೂಬಿನಲ್ಲಿ ಮಕ್ಕಳವಾಣಿ, ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಆಗಸ್ಟ್‌ನಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಶುರುವಾದಾಗ ಮಕ್ಕಳನ್ನು ಮೂರು ಗುಂಪು ಮಾಡಿದ್ದು ನಿಮಗೆ ನೆನಪಿರಬೇಕು: ಯಾವ ಫೋನೂ ಇಲ್ಲದವರು, ಬರೀ ಮಾತಾಡುವ ಫೋನು ಇರುವವರು, ಸ್ಮಾರ್ಟ್‌ಫೋನ್ ಇರುವವರು. ಅರಳಿಕಟ್ಟೆ, ದೇವಸ್ಥಾನದ ಅಂಗಳ, ಮನೆಯ ಜಗಲಿ ಎಲ್ಲವೂ ತರಗತಿಗಳಾದವು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ನಿಜ. ಆದರೂ ಮಗುವಿನ ಮನೆಯಲ್ಲಿ ಏನಿದೆ ಎಂದು ಮೊದಲು ನೋಡಿ, ಆಮೇಲೆ ಪಾಠ ಹೇಗೆ ತಲುಪಿಸಬೇಕು ಎಂದು ಗೊತ್ತುಮಾಡಿದ ಆ ಕ್ರಮ ಸರಿಯಾಗಿತ್ತು ಎಂದೇ ನನ್ನ ನಂಬಿಕೆ. ನಿಮ್ಮ 46 ಹೆಸರುಗಳನ್ನು ಅದೇ ರೀತಿ ಮೂರು ಪಟ್ಟಿಗಳಲ್ಲಿ ಬರೆದುಕೊಳ್ಳಿ. ಅರ್ಧ ಗಂಟೆಯ ಕೆಲಸ.

ಇನ್ನು ಆ ಕೆಂಪಕ್ಷರ. ಕೊಟ್ಟ ಕೆಲಸಕ್ಕೆ ಕೊನೆಯ ದಿನಾಂಕ ಹಾಕಿದ್ದರಿಂದ ಅದು ಬಂದಿದೆ. ದಿನಾಂಕ ಹಾಕದಿದ್ದರೆ ಒಪ್ಪಿಸಿಲ್ಲ ಎಂಬ ಗುರುತು ಯಾರ ಹೆಸರಿನ ಮುಂದೆಯೂ ಬರುವುದಿಲ್ಲ. ಇನ್ನೂ ಒಳ್ಳೆಯ ದಾರಿಯಿದೆ: ಹೋಂವರ್ಕ್ ರೂಪದಲ್ಲಿ ಹಾಕದೆ ಬರೀ ಓದುವ ಸಾಮಗ್ರಿಯಾಗಿ ಹಾಕಿ. ಅದರಲ್ಲಿ ಒಪ್ಪಿಸುವ ಗುಂಡಿಯೇ ಇರುವುದಿಲ್ಲ. ಮಗು ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಮಾಡಿ ಶಾಲೆಗೆ ಬಂದ ದಿನ ತೋರಿಸಲಿ. ಹೋಂವರ್ಕ್ ಆಗಿ ಹಾಕಿದಾಗಲೂ ಫೋನಿನಲ್ಲಿ ಕಳಿಸಿದ ಲೆಕ್ಕಕ್ಕೂ ಕಾಗದದ ಮೇಲಿನ ಲೆಕ್ಕಕ್ಕೂ ಒಂದೇ ಅಂಕ. ಫೋನಿಲ್ಲದವನು ಮಾಡಲಾಗದ ಯಾವ ಕೆಲಸಕ್ಕೂ ಅಂಕವಿಲ್ಲ ಎಂದು ಮಕ್ಕಳೆದುರೇ ಹೇಳಿಬಿಡಿ. ಸಹೋದ್ಯೋಗಿ ಹೇಳುವ ಅನ್ಯಾಯ ಇಲ್ಲಿಗೆ ಬಹುಪಾಲು ಕಳೆಯುತ್ತದೆ.

ಏನು ಹಾಕಬೇಕು? ವೀಡಿಯೊ ಬೇಡ. ತೋಟದ ಮನೆಯಲ್ಲಿ ಒಂದೆರಡು ಗೆರೆ ಸಿಗ್ನಲ್ ಇಟ್ಟುಕೊಂಡು, ಕರೆನ್ಸಿ ಮುಗಿಯುತ್ತದೆ ಎಂಬ ಆತಂಕದಲ್ಲಿ ಯಾವ ಮಗುವೂ ನಲವತ್ತು ನಿಮಿಷದ ಪಾಠ ನೋಡುವುದಿಲ್ಲ. ತರಗತಿ ಮುಗಿದ ತಕ್ಷಣ ಕಪ್ಪು ಹಲಗೆಯ ಫೋಟೊ ಒಂದು. ಜೊತೆಗೆ ನಿಮ್ಮದೇ ದನಿಯಲ್ಲಿ ಐದು ನಿಮಿಷದ ಮಾತು: 'ಇವತ್ತು ವರ್ಗ ಸಮೀಕರಣ ಶುರು ಮಾಡಿದೆವು, ಮೊದಲ ಉದಾಹರಣೆಯ ಮೂರನೇ ಸಾಲಿನಲ್ಲಿ ಎಲ್ಲರೂ ತಪ್ಪುತ್ತಾರೆ, ನೋಡಿಕೊಳ್ಳಿ.' ವೀಡಿಯೊಗೆ ಹೋಲಿಸಿದರೆ ದನಿಗೆ ತಗಲುವ ಡೇಟಾ ತೀರಾ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಕಡ್ಡಿಗೆ ಸೊಪ್ಪು ಕಟ್ಟುತ್ತ ಕುಳಿತ ಹುಡುಗನಿಗೂ ಅದು ಕೇಳಿಸುತ್ತದೆ. ಅಧ್ಯಾಯವಾರು ಜೋಡಿಸಿಡಿ. ಆಗಸ್ಟ್‌ನಲ್ಲಿ ತಪ್ಪಿದ್ದನ್ನು ಅಕ್ಟೋಬರ್‌ನಲ್ಲಿ ಹುಡುಕುವಾಗ ವಾಟ್ಸಾಪ್ ಗುಂಪಿನಲ್ಲಿ ಅದು ಶುಭೋದಯಗಳ ಕೆಳಗೆ ಹೂತುಹೋಗಿರುತ್ತದೆ, ಇಲ್ಲಿ ಇಟ್ಟ ಜಾಗದಲ್ಲೇ ಇರುತ್ತದೆ. ನಿಮ್ಮ ತರಗತಿಯನ್ನು ಉಳಿಸಿಕೊಳ್ಳಿ ಎಂದು ನಾನು ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನೂ ಬಳಸಿ. ಅದು ತೆರೆಯುವ, 2017ರಲ್ಲಿ ಬಂದ ದೀಕ್ಷಾ ಆ್ಯಪ್‌ನಲ್ಲಿ ಪಾಠಗಳು ಉಚಿತ. ಶಾಲೆಯಲ್ಲಿ ನೆಟ್ ಇರುವಾಗ ಇಳಿಸಿಟ್ಟುಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು.

ಫೋನೇ ಇಲ್ಲದವರ ಪಟ್ಟಿಗೆ ಬರುತ್ತೇನೆ. ಅದೇ ಹಲಗೆಯ ಫೋಟೊಗಳನ್ನು ವಾರಕ್ಕೊಮ್ಮೆ ಎರಡು ಹಾಳೆಯಲ್ಲಿ ಮುದ್ರಿಸಿ, ಅದೇ ಬೀದಿಯ ಮಗುವಿನ ಕೈಯಲ್ಲಿ ಕಳಿಸಿ. ಜೆರಾಕ್ಸ್ ಖರ್ಚನ್ನು ಎಸ್‌ಡಿಎಂಸಿ ಸಭೆಯಲ್ಲಿ ಧೈರ್ಯವಾಗಿ ಕೇಳಿ. ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು, ಹಲವು ಕಡೆ ಕಂಪ್ಯೂಟರ್ ಕೂಡ ಇಟ್ಟಿದ್ದಾರೆ. ನಿಮ್ಮೂರಿನದನ್ನು ಒಮ್ಮೆ ಹೋಗಿ ನೋಡಿ, ಸಂಜೆ ಮಕ್ಕಳನ್ನು ಕೂರಿಸಬಹುದೇ ಎಂದು ಅಲ್ಲಿನವರನ್ನು ವಿಚಾರಿಸಿ. ನೀವು ಬಿಟ್ಟುಬಂದ ಕೋಟೆಯ ಕಾಡಂಚಿನಲ್ಲಿ, ಬಳ್ಳೆ, ಡಿ.ಬಿ. ಕುಪ್ಪೆ ಕಡೆಯ ಜೇನುಕುರುಬರ ಹಾಡಿಗಳಲ್ಲಿ ಈ ಹಾಳೆಯೇ ಮುಖ್ಯ ದಾರಿ, ಫೋನು ಆಮೇಲಿನದು. ಹುಣಸೂರಿನ ಸೊಪ್ಪಿನ ಊರುಗಳ ಕಥೆ ನಿಮ್ಮದೇ. ಕೆ.ಆರ್. ನಗರದ ಗದ್ದೆ ಕಡೆ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ ಬೆಂಚು ಖಾಲಿಯಾಗಬಹುದು. ಕ್ರಮ ಒಂದೇ, ತಿಂಗಳು ಬೇರೆ. ಆಯಾ ಊರಿನ ಬೇಸಾಯದ ಲೆಕ್ಕ ನೋಡಿ ಪಾಠ ಜೋಡಿಸಬೇಕು.

ಖಾತೆಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಗೂಗಲ್ ಖಾತೆಯನ್ನು ಮಗು ತಾನೇ ನೋಡಿಕೊಳ್ಳಲು 13 ತುಂಬಿರಬೇಕು. ನಿಮ್ಮ ಹತ್ತನೆಯವರಿಗೆ ತೊಂದರೆಯಿಲ್ಲ, ಆದರೆ ಇದನ್ನೇ ಕೆಳಗಿನ ತರಗತಿಗಳಿಗೆ ವಿಸ್ತರಿಸುವಾಗ ನೆನಪಿಡಿ. ನಮ್ಮ ದೇಶದ 2023ರ ದತ್ತಾಂಶ ರಕ್ಷಣೆ ಕಾಯ್ದೆಯಂತೂ 18ರೊಳಗಿನವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ಆದ್ದರಿಂದ ಪೋಷಕರ ಸಭೆ ಕರೆದು, ತರಗತಿಯನ್ನು ಫೋನಿನಲ್ಲಿ ತೆರೆದು ತೋರಿಸಿ, ಸಹಿ ತೆಗೆದುಕೊಳ್ಳಿ. ಅಪ್ಪನ ಖಾತೆಯಲ್ಲೇ ಮಗುವನ್ನು ಸೇರಿಸಬೇಡಿ, ಅದೇ ಫೋನಿಗೆ ಮಗುವಿನ ಹೆಸರಿನ ಎರಡನೇ ಖಾತೆ ಹಾಕಿಸಿ. ಪಾಸ್‌ವರ್ಡನ್ನು ಮನೆಯಲ್ಲಿ ಭದ್ರವಾಗಿಡುವ ಒಂದು ಪುಸ್ತಕದಲ್ಲಿ ಬರೆಸಿ, ಸೊಪ್ಪಿನ ಹರಾಜಿನ ದುಡ್ಡು ಬಂದು ಹೊಸ ಫೋನು ಕೊಂಡಾಗ ಬೇಕಾಗುತ್ತದೆ. ತರಗತಿಯ ಸೆಟ್ಟಿಂಗ್‌ನಲ್ಲಿ ಶಿಕ್ಷಕರು ಮಾತ್ರ ಬರೆಯಬಹುದು ಎಂದು ಬದಲಾಯಿಸಿ. ಹೆಣ್ಣುಮಕ್ಕಳ ಮನೆಯವರು ಹಿಂಜರಿಯುವುದು ಫೋನಿನೊಳಗೆ ಯಾರು ಏನು ಬರೆದಾರೋ ಎಂಬ ಭಯಕ್ಕೆ. ಇಲ್ಲಿ ಟೀಚರ್ ಬಿಟ್ಟು ಯಾರೂ ಬರೆಯುವಂತಿಲ್ಲ ಎಂದು ತಾಯಂದಿರಿಗೆ ಕಣ್ಣಾರೆ ತೋರಿಸಿದರೆ ಆ ಭಯ ಎಷ್ಟೋ ಕಮ್ಮಿಯಾದೀತು. ಎಲ್ಲರೂ ಸೇರಿದ ಮೇಲೆ ತರಗತಿಯ ಕೋಡನ್ನು ನಿಲ್ಲಿಸಿಬಿಡಿ. ಮುಂದೆ ಇಡೀ ಶಾಲೆಗೆ ಬೇಕೆನಿಸಿದರೆ ಸ್ವಂತ ಜಿಮೇಲ್ ಬಿಟ್ಟು ಶಾಲೆಯ ಹೆಸರಿನಲ್ಲೇ ಗೂಗಲ್‌ಗೆ ಅರ್ಜಿ ಹಾಕಬಹುದು, ಶಿಕ್ಷಣ ಸಂಸ್ಥೆಗಳಿಗೆ ಕ್ಲಾಸ್‌ರೂಮ್‌ನ ಮೂಲ ಆವೃತ್ತಿಯೂ ಉಚಿತ. ಮುಖ್ಯ ಶಿಕ್ಷಕರ ಒಪ್ಪಿಗೆಯೊಂದಿಗೇ ಮಾಡಿ.

ಫೋನು ಕೊಟ್ಟರೆ ಹುಡುಗರು ರೀಲ್ಸ್ ನೋಡುತ್ತಾರೆ ಎಂದು ಸಭೆಯಲ್ಲಿ ಯಾರಾದರೂ ಹೇಳುತ್ತಾರೆ. ಅದನ್ನು ತಳ್ಳಿಹಾಕಬೇಡಿ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳನ್ನು ಕೇಳಿದ 2024ರ ಅಸರ್ ಸಮೀಕ್ಷೆಯಲ್ಲಿ, ಹಿಂದಿನ ವಾರ ಕಲಿಕೆಗೆ ಫೋನು ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಫೋಟೊ ಒಂದು, ದನಿ ಐದು ನಿಮಿಷ, ಉಳಿದದ್ದೆಲ್ಲ ನೋಟ್‌ಬುಕ್ಕಿನಲ್ಲಿ ಎಂದು ನಾನು ಹೇಳುತ್ತಿರುವುದು ಇದಕ್ಕೂ ಹೌದು. ಕಾಲು ಗಂಟೆಯಲ್ಲಿ ಫೋನು ವಾಪಸ್ಸು ಅಪ್ಪನ ಕೈಗೆ ಹೋಗಬೇಕು.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. 'ಪಾಠ ಫೋನಲ್ಲೇ ಬರ್ತದಲ್ಲ ಮಿಸ್, ಇನ್ನೊಂದು ವಾರ ಸೊಪ್ಪು ಮುಗಿಸ್ಲಿ' ಎಂದು ಯಾವುದಾದರೂ ತಂದೆ ಹೇಳುವ ದಿನ ಬಂದೀತು. ಆ ದಿನ ನಿಮ್ಮ ತರಗತಿ ಮಗುವನ್ನು ಶಾಲೆಯಿಂದ ದೂರ ಇಡಲು ನೆಪವಾಗುತ್ತದೆ. ಬಗ್ಗಬೇಡಿ. ಮಳೆಗೋ ಇಬ್ಬನಿಗೋ ನೆಂದ ಹಸಿ ಸೊಪ್ಪು ಮುಟ್ಟಿದರೆ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ. ತಲೆಸುತ್ತು, ತಲೆನೋವು, ವಾಂತಿ ಬರುತ್ತದೆ. ಸೋಮಾರಿ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಆಗಿರುವುದು ಇದೇ ಇರಬಹುದು. ಕೆಳಗಿನ ತರಗತಿಗಳ 14 ತುಂಬದ ಮಗುವನ್ನು ಶಾಲೆ ಬಿಡಿಸಿ ದುಡಿಸುವುದನ್ನು, ಮನೆಯ ಕೆಲಸವೇ ಆದರೂ, 2016ರಲ್ಲಿ ತಿದ್ದುಪಡಿಯಾದ ಕಾನೂನು ಒಪ್ಪುವುದಿಲ್ಲ. ಗದರಿಸಿ ಹೇಳಬೇಡಿ, ಬ್ಯಾರನ್ ಹತ್ತಿರವೇ ಹೋಗಿ, ಕೂತು, ಆ ತಂದೆಯ ಕಷ್ಟವನ್ನೂ ಕೇಳಿ ಹೇಳಿ. ಇಷ್ಟು ದಿನ ಫೋನಿನಲ್ಲಿ ಕಲಿತದ್ದನ್ನು ಇಂಥ ದಿನ ಶಾಲೆಗೆ ಬಂದು ತೋರಿಸಲಿ ಎಂದು ದಿನಾಂಕ ಗೊತ್ತು ಮಾಡಿಕೊಂಡೇ ಎದ್ದು ಬನ್ನಿ. ಫೋನಿನ ಕೆಲಸಕ್ಕೆ ಕೊನೆಯ ದಿನಾಂಕ ಬೇಡ ಎಂದೆನಲ್ಲ, ಮಗು ಮರಳಿ ಬರುವುದಕ್ಕೆ ಮಾತ್ರ ದಿನಾಂಕ ಇರಲಿ.

ನಾಳೆ ಶಾಲೆಗೆ ಹೋದ ಕೂಡಲೇ ಆ ಹುಡುಗಿಯ ನೋಟ್‌ಬುಕ್ ಇಸಿದುಕೊಳ್ಳಿ. ಅವಳು ಫೋನಿನಲ್ಲಿ ಕಳಿಸದಿದ್ದರೂ ಅಂಕವನ್ನು ನೀವೇ ತುಂಬಲು ಕ್ಲಾಸ್‌ರೂಮ್‌ನಲ್ಲಿ ಅವಕಾಶವಿದೆ. ಅವಳೆದುರೇ ತುಂಬಿ, ಅವಳಿಗೆ ತೋರಿಸಿ.