ಖಿನ್ನತೆಗೆ ಔಷಧಿಯ ಜೊತೆಗೆ ಯೋಗಾಭ್ಯಾಸ



ಹಸು ಮೇವು ಬಿಟ್ಟು, ಮೆಲುಕು ಹಾಕದೆ ನಿಂತರೆ ತಾವು ಕೂಡಲೇ ಪಶುವೈದ್ಯರನ್ನು ಕರೆಸುತ್ತೀರಿ. ಮನೆಯವರೊಬ್ಬರು ಎರಡು ವಾರ ಊಟ, ನಿದ್ರೆ, ಕೆಲಸದಲ್ಲಿ ಆಸಕ್ತಿಯಿಲ್ಲದೆ ಮಂಕಾಗಿದ್ದರೆ ಮಾತ್ರ ಸೋಮಾರಿತನ ಎನ್ನುತ್ತೇವೆ. ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ಇದು ಗುಣವಾಗುವ ಕಾಯಿಲೆ.

ಮೊದಲು ವೈದ್ಯರಿಗೆ ತೋರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯುತ್ತದೆ. ಔಷಧಿಯ ಗುಣ ಕಾಣಲು ಕೆಲವು ವಾರ ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಯೋಗವು ಚಿಕಿತ್ಸೆಗೆ ಪೂರಕ, ಬದಲಿಯಲ್ಲ. "ದಿನವಿಡೀ ದುಡಿಯುತ್ತೇವೆ, ವ್ಯಾಯಾಮವೇಕೆ?" ಎನ್ನಬಹುದು. ಹುಲ್ಲು ಕೊಯ್ಯುವಾಗ ಮೈ ದುಡಿದರೂ ಮನಸ್ಸು ಸಾಲದ ಚಿಂತೆಯಲ್ಲೇ ಸುತ್ತುತ್ತದೆ. ಯೋಗದಲ್ಲಿ ಗಮನ ಉಸಿರಿನ ಮೇಲಿರುತ್ತದೆ. ನಿಧಾನವಾಗಿ ಉಸಿರು ಬಿಟ್ಟಾಗ ಎದೆಬಡಿತ ಇಳಿದು ದೇಹ ಸಡಿಲಗೊಳ್ಳುತ್ತದೆ.

ಅಭ್ಯಾಸದ ಕ್ರಮ:
1. ಬೆಳಗಿನ ಹಾಲು ಡೇರಿಗೆ ಹಾಕಿ ಬಂದ ಮೇಲೆ, ತಿಂಡಿಗೆ ಮೊದಲು ಕುಳಿತುಕೊಳ್ಳಿ.
2. ತಾಡಾಸನ, ಭುಜಂಗಾಸನದಂತಹ ಸರಳ ಆಸನ: 10 ನಿಮಿಷ.
3. ನಾಡಿಶೋಧನ, ಭ್ರಾಮರಿ ಪ್ರಾಣಾಯಾಮ: 10 ನಿಮಿಷ. ಉಸಿರು ಬಿಗಿಹಿಡಿಯಬೇಡಿ.
4. ಶವಾಸನ: 5 ನಿಮಿಷ.

ಬಲ್ಲವರಿಂದ ಕಲಿಯಿರಿ. ಗರ್ಭಿಣಿಯರು, ರಕ್ತದೊತ್ತಡ, ಹೃದ್ರೋಗ ಉಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಯಾರಾದರೂ ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ; ಕೀಟನಾಶಕವನ್ನು ಬೀಗ ಹಾಕಿಡಿ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಹಗಲಿರುಳೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ರಾಸಿಗೆ ತೋರುವ ಕಾಳಜಿ ಮನೆಯವರಿಗೂ ಇರಲಿ.